ಗುರುಶಾಂತಪ್ಪನ ಕೈ ಕೆಟ್ಟಿರಲಿಲ್ಲ

ಉದಗೀರದಲ್ಲಿ ಹನ್ನೆರಡು ವರ್ಷ ಸೋಯಾ ಪನೀರ್ ಮಾಡಿ ಮಾರಿದ ಗುರುಶಾಂತಪ್ಪ ಹೋದ ಮಾಘದಲ್ಲಿ ತೀರಿಕೊಂಡ. ಐವತ್ತೇಳು ವರ್ಷ. ಎದೆನೋವು ಬಂತೆಂದು ಲಾತೂರಿಗೆ ಒಯ್ಯುತ್ತಿದ್ದಾಗ ದಾರಿಯಲ್ಲೇ ಪ್ರಾಣ ಹೋಯಿತು. ಕಾರಿನ ಹಿಂದಿನ ಸೀಟಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಬರೆಯಬೇಕಾದದ್ದು ಬೇರೆ ಇದೆ. ಅವನು ಹೋದ ಮೇಲೆ ಊರಲ್ಲಿ ಅವನ ಮಾತು ಬಂದಾಗಲೆಲ್ಲ ಜನ ಎರಡು ಮಾತು ಹೇಳುತ್ತಾರೆ. ಒಳ್ಳೆಯ ಮನುಷ್ಯ ಎನ್ನುತ್ತಾರೆ. ಕಡೆಕಡೆಗೆ ಕೈ ಕೆಟ್ಟಿತ್ತು ಎನ್ನುತ್ತಾರೆ. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಆ ಸುಳ್ಳನ್ನು ಊರಿಗೆಲ್ಲ ಹಂಚಿದವನು ಅವನೇ. ಅವನ ಬಾಯಲ್ಲಿ ಆ ಮಾತು ಬರುವ ಹಾಗೆ ಮಾಡಿದವರಲ್ಲಿ ನಾನೂ ಒಬ್ಬ.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದೆ, ಈಗ ನಿವೃತ್ತ. ಅವನ ಗುರುತಾದದ್ದು ಅಲ್ಲಿಯೇ. ಒಂದು ಮಧ್ಯಾಹ್ನ ಧೋತರ ಉಟ್ಟ, ಹಣೆಯ ಮೇಲೆ ಅಚ್ಚುಕಟ್ಟಾಗಿ ವಿಭೂತಿ ಹಚ್ಚಿಕೊಂಡ ಒಬ್ಬ ಮನುಷ್ಯ ನನ್ನ ಮೇಜಿನ ಮುಂದೆ ನಿಂತು, ಸೋಯಾಬೀನನ್ನು ಮನುಷ್ಯರು ಹೇಗೆ ತಿನ್ನುತ್ತಾರೆ ಅನ್ನುವ ಪುಸ್ತಕ ಇದೆಯೇ ಎಂದು ಕೇಳಿದ. ಮೋಂಢಾದಿಂದ ಬಂದವನೆಂದು ಅವನ ಅಂಗಿಯ ಮೇಲಿನ ಧೂಳು ಹೇಳುತ್ತಿತ್ತು. ಮೋಂಢಾ ಎಂದರೆ ನಮ್ಮ ಕಡೆ ಕಾಳುಕಡಿಯ ಮಾರುಕಟ್ಟೆ. ಅಲ್ಲಿ ಒಬ್ಬ ಅಡತಿ ವ್ಯಾಪಾರಿಯ, ಎಂದರೆ ದಲ್ಲಾಳಿಯ, ಹತ್ತಿರ ಅವನು ಹದಿನಾಲ್ಕು ವರ್ಷ ಕಾಳು ನೋಡುವ ಕೆಲಸ ಮಾಡಿದ್ದ. ರೈತರು ತಂದ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಹಿಡಿಯಷ್ಟು ಕಾಳು ತೆಗೆಯುವುದು, ಒಂದನ್ನು ಹಲ್ಲಿಗೆ ಕೊಡುವುದು, ಬೆಲೆ ಹೇಳುವುದು. ಟಕ್ಕೆಂದು ಎರಡಾದರೆ ಒಣಗಿದ ಮಾಲು. ಹಲ್ಲಿಗೆ ಅಂಟಿದರೆ ಹಸಿ. ಮೋಂಢಾದಲ್ಲಿ ತೇವ ಅಳೆಯುವ ಯಂತ್ರ ಬಂದ ಮೇಲೂ ವ್ಯಾಪಾರಿಗಳು ಮೊದಲು ಅವನ ಮುಖ ನೋಡಿ, ಆಮೇಲೆ ಯಂತ್ರ ನೋಡುತ್ತಿದ್ದರಂತೆ.

ಹತ್ತಿರದ ವಲಾಂಡಿ ಎಂಬ ಊರಿನ ಒಕ್ಕಲು ಮನೆತನದವನು. ಹೊಲ ಅಣ್ಣ ನೋಡಿಕೊಳ್ಳುತ್ತಿದ್ದ. ಪುಸ್ತಕ ಏಕೆ ಬೇಕು ಎಂದು ಕೇಳಿದೆ.

"ಬೆಳಿಯೋರು ನಾವು ಸಾಹೇಬ್ರ. ಈ ಮೂರು ತಾಲೂಕದಾಗ ಸೋಯಾಬೀನ್ ಬಿಟ್ಟರ ಬ್ಯಾರೆ ಬೆಳಿ ಕಾಣಲ್ಲ. ಆದ್ರ ನಮ್ಮ ಯಾರ ಮನ್ಯಾಗೂ ಅದರದು ಒಂದ್ ಕಾಳು ಬೇಯಲ್ಲ. ಎಣ್ಣಿ ಗಿರಣಿಗಿ ಹೋಗತದ, ಹಿಂಡಿ ಕೋಳಿಗಿ ಹೋಗತದ. ಕೋಳಿ ಯಾನ ತಿಂತದಂತ ಕೋಳಿಗಿ ಗೊತ್ತದ, ನಮಗ ಗೊತ್ತಿಲ್ಲ."

ಇಂಗ್ಲಿಷಿನಲ್ಲಿ ಒಂದು ಸಣ್ಣ ಪುಸ್ತಿಕೆ ಸಿಕ್ಕಿತು. ಮೂರು ಮಧ್ಯಾಹ್ನ ಕೂತು ಓದಿ ಓದಿ ಅವನಿಗೆ ನಮ್ಮ ಮಾತಿನಲ್ಲಿ ಹೇಳಿದೆ. ಕಾಳು ನೆನೆಸಬೇಕು, ರುಬ್ಬಬೇಕು, ಕುದಿಸಿ ಸೋಸಿದರೆ ಹಾಲು, ಆ ಹಾಲನ್ನು ಒಡೆಸಿ ಬಟ್ಟೆಯಲ್ಲಿ ಕಟ್ಟಿ ಒತ್ತಿದರೆ ತೋಫು, ಅಂದರೆ ಸೋಯಾ ಪನೀರ್.

"ಯಾರ ಊಟರೀ ಇದು?"

"ಚೀನಾ, ಜಪಾನ್ ದೇಶದವರದು."

"ಪಾಪ, ಅವರ ದೇಶದಾಗ ಎಮ್ಮಿ ಇಲ್ಲೇನು?"

ಅಂದಿನಿಂದ ನಾನು ಅವನಿಗೆ ಪುಸ್ತಕದ ಸಾಹೇಬನಾದೆ. ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ.

ಮೋಂಢಾದ ಕೆಲಸ ಬಿಟ್ಟು ಮನೆಯ ಹಿಂದಿನ ತಗಡಿನ ಕೋಣೆಯಲ್ಲಿ ಒಲೆ ಹೂಡಿದ. ಅವನ ತಾಯಿ ರಂಭಾಬಾಯಿ ಆಗ ಬದುಕಿದ್ದಳು. ಮೊದಲ ಸಲ ಹಾಲು ಒಡೆದ ದಿನ ಸೋಮವಾರ. ಶಿವನ ವಾರ ಮನೆಯಲ್ಲಿ ಹಾಲು ಒಡೆಯುವುದೆಂದರೆ ಆ ಮುದುಕಿಗೆ ಸಹಿಸದ ಮಾತು.

"ಸೋಮಾರ ದಿನ ಹಾಲ ಒಡಸ್ತೀಯಾ? ಅದೂ ಬೇಕಂತ?"

"ಅವ್ವಾ, ಇದು ಹಾಲಲ್ಲ. ಕಾಳಿನ ನೀರು."

"ಹಾಲಲ್ಲಂದ್ರ ಹಾಲಂತ ಯಾಕ ಅಂತಿ? ನೀರಂತ ಅನ್ನು. ಯಾರ ತೊಗೋತಾರ ನೋಡ್ತೀನಿ ನಾ."

ಕೊನೆಯವರೆಗೂ ಅವನ ಒಲೆಗೆ ಸೋಮವಾರ ರಜೆ.

ಹಿಡಿತ ಸಿಗಲು ಒಂದು ವರ್ಷ ಬೇಕಾಯಿತು. ಸಿಕ್ಕ ಮೇಲೆ ಅವನ ಪನೀರ್ ಹೇಗಿತ್ತೆಂದರೆ, ಬೆರಳಿನಿಂದ ಒತ್ತಿದರೆ ತಗ್ಗು ಬಿದ್ದು ಮತ್ತೆ ಮೇಲೇಳುತ್ತಿತ್ತು. ಹಸಿ ಕಾಳಿನ ನಾತ ಇಲ್ಲ. ಎಣ್ಣೆಗೆ ಹಾಕಿದರೆ ನೀರು ಸಿಡಿಯುವುದಿಲ್ಲ. ನಿಲಂಗಾದ ಒಂದು ಹೆಣ್ಣುಮಕ್ಕಳ ವಸತಿಗೃಹಕ್ಕೆ ವಾರಕ್ಕೆ ಮೂರು ದಿನ ಹೋಗುತ್ತಿತ್ತು. ಉಮರ್ಗಾದ ಹೆದ್ದಾರಿಯ ಮೇಲೆ ನಾಗನಾಥ ಎಂಬವನ ಊಟದ ಹೋಟೆಲಿಗೆ ಮಂಜುಗಡ್ಡೆಯ ಡಬ್ಬಿಯಲ್ಲಿ ಬಸ್ಸಿನ ಮೇಲೆ ಹೋಗುತ್ತಿತ್ತು. ಉಳಿದದ್ದು ಉದಗೀರದ ಮನೆಗಳಿಗೆ.

ಬೆಲೆಯ ಜಗಳ ಮೊದಲಿನಿಂದಲೂ ಇತ್ತು. ಒಂದು ಸಲ ನಾನೂ ಅವನೂ ಉಮರ್ಗಾಕ್ಕೆ ಹೋದಾಗ ನಾಗನಾಥ ಮೇಜಿನ ಮೇಲೆ ಒಂದು ಪೊಟ್ಟಣ ಒಗೆದ. ಬೇರೆ ಯಾರೋ ತಂದುಕೊಟ್ಟದ್ದು.

"ಇದು ಕಿಲೋಕ್ಕ ನೂರಾ ಹತ್ತು. ನಿಂದು ನೂರಾ ತೊಂಬತ್ತು. ಯಾಕಪಾ, ನಿನ್ನ ಸೋಯಾಬೀನ್ ಕೈಲಾಸದಾಗ ಬೆಳಿತಾರೇನು?"

ಗುರುಶಾಂತಪ್ಪ ಒಂದು ತಾಟು ತರಿಸಿದ. ಆ ಪೊಟ್ಟಣದ ತುಂಡನ್ನು ಅಂಗೈಯಲ್ಲಿ ಹಿಡಿದು ಹಿಂಡಿದ. ತಾಟಿನಲ್ಲಿ ನೀರು ನಿಂತಿತು. ಆಮೇಲೆ ತನ್ನದನ್ನು ಹಿಂಡಿದ. ನಾಲ್ಕು ಹನಿ.

"ನಿನ್ನ ಹೋಟೆಲಿಗಿ ನಳ ಅದನಾ ನಾಗನಾಥ? ಇದ್ದರ ನೀರ ಯಾಕ ಕೊಳ್ಳತಿ?"

"ಹಂಗಂದ್ರ ಇದರಾಗ ನೀರಷ್ಟೇ ಅದಾ ಅಂತಿ?"

"ನೀರೂ ಅದ. ಮತ್ತ ಮೂಸಿ ನೋಡು. ಇದು ಎಣ್ಣಿ ತೆಗದ ಹಿಟ್ಟಿಂದು, ಕಾಳಿಂದಲ್ಲ. ಹಸಿ ಅಂಬಲಿ ನಾತ ಬರ್ತದ."

ಅದೇ ದಿನ ಮರಳಿ ಬರುವಾಗ ಬಸ್ಸಿನಲ್ಲಿ ಅವನು ನನಗೆ ಇಡೀ ಲೆಕ್ಕ ಬಿಡಿಸಿ ಹೇಳಿದ. ಅವನ ಮಾತನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಒಂದೇ ಹೆಸರಿನ ವಸ್ತು ಹತ್ತು ಬೆಲೆಗೆ ಏಕೆ ಸಿಗುತ್ತದೆ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಒಂದು ಕಿಲೋ ಕಾಳಿನಿಂದ ಒಂದೂವರೆ ಕಿಲೋ ಪನೀರನ್ನೂ ತೆಗೆಯಬಹುದು, ಎರಡೂವರೆ ಕಿಲೋ ಸಹ ತೆಗೆಯಬಹುದು. ನಡುವಿನ ಒಂದು ಕಿಲೋ ನೀರು. ಎರಡು ತಾಸು ಕಲ್ಲಿನ ಕೆಳಗೆ ಒತ್ತಿದರೆ ಆ ನೀರು ಹೋಗುತ್ತದೆ, ಅರ್ಧ ತಾಸಿಗೆ ಎತ್ತಿದರೆ ಉಳಿಯುತ್ತದೆ. ಹಾಲು ಒಡೆಸುವಾಗ ಒಂದೇ ಸಲ ಹುಳಿ ಸುರಿದರೆ ಕೆಲಸ ಬೇಗ ಮುಗಿಯುತ್ತದೆ, ಪನೀರ್ ಹರಳು ಹರಳಾಗಿ ಹುಳಿ ಹೊಡೆಯುತ್ತದೆ. ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿ ಕಾಯಬೇಕು. ಪಟ್ಟಣದಿಂದ ಬರುವ ಚೆಂದದ ಪೊಟ್ಟಣಕ್ಕೆ ಪ್ಲಾಸ್ಟಿಕ್ಕು, ತಂಪುಗಾಡಿ, ಅಂಗಡಿಯ ಫ್ರಿಜ್ಜು ಎಲ್ಲದರ ಖರ್ಚೂ ಸೇರಿರುತ್ತದೆ. ಅದು ದುಬಾರಿ ಅಂದಮಾತ್ರಕ್ಕೆ ಒಳ್ಳೆಯದೆಂದಲ್ಲ. ಇಷ್ಟೆಲ್ಲ ಹೇಳಿ ಕೊನೆಗೆ ಅವನು ಅಂದ:

"ಇವೆಲ್ಲ ಕೈ ಮಾತು ಸಾಹೇಬ್ರ. ಕೈ ಕಲೀತದ. ಕಾಳು ಸುಮಾರ ಇದ್ದರ ಮಾತ್ರ ಯಾವ ಕೈಯೂ ಯಾನೂ ಮಾಡಂಗಿಲ್ಲ. ಹಳೀ ಕಾಳು, ತೋಯ್ದ ಕಾಳು, ಬಣವ್ಯಾಗ ಕಾವಿಗಿ ಕುದ್ದ ಕಾಳು. ಅದರೊಳಗಿನ ಸತ್ವ ಹಾಲಿಗಿ ಇಳಿಯಂಗಿಲ್ಲ."

ಅದಕ್ಕೇ ಅವನು ಪ್ರತಿ ದೀಪಾವಳಿಗೆ ಮುಂಚೆ ಮೋಂಢಾಕ್ಕೆ ತಾನೇ ಹೋಗಿ, ತಾನೇ ಹಲ್ಲಿಗೆ ಕೊಟ್ಟು, ವರ್ಷಕ್ಕೆ ಬೇಕಾದ ಕಾಳು ಆರಿಸುತ್ತಿದ್ದ. ಅವನ ಪನೀರಿನ ಬೆಲೆಯಲ್ಲಿ ಆ ಆಯ್ಕೆಯ ಬೆಲೆಯೂ ಇತ್ತು.

ಮೂರು ವರ್ಷದ ಹಿಂದೆ ವೈಶಾಖದಲ್ಲಿ ಅವನ ಒಬ್ಬಳೇ ಮಗಳು ಯೋಗಿತಾಳ ಮದುವೆಯಾಯಿತು. ಔರಾದ ಶಹಾಜನಿಯ ದಿಗಂಬರ ಎಂಬವರ ಮಗ ಪಂಕಜ ವರ. ಒಳ್ಳೆಯ ಒಕ್ಕಲು ಮನೆ, ನೆಲವೆಲ್ಲ ಸೋಯಾಬೀನ್. ದಿಗಂಬರ ದೊಡ್ಡ ದನಿಯ, ದೊಡ್ಡ ಮನಸ್ಸಿನ ಮನುಷ್ಯ. ಬೀಗರು ಪೇಟೆಯಲ್ಲಿ ಕಾಳು ಕೊಳ್ಳುತ್ತಾರೆಂದು ತಿಳಿದು ಅವರಿಗೆ ಅವಮಾನವಾದಂತಾಯಿತು.

"ಮನೀ ಮಾಲ ಇರೂತನಕ ನೀವು ಮೋಂಢಾದಾಗ ಚೀಲಾ ಚುಚ್ಚೋದಂದ್ರ ಏನ್ರೀ ಬೀಗ್ರ? ನಮ್ಮ ಮಾರೀಗಿ ಮಸಿ ಬಡಿಯೋ ವಿಚಾರ ಅದನಾ?"

ಆ ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹಿಡಿಯಿತು. ಕೊಯ್ದ ಬೆಳೆಯನ್ನು ಜನ ಅವಸರದಲ್ಲಿ ಬಣವೆ ಹಾಕಿ ತಾಡಪತ್ರಿ ಹೊದಿಸಿದರು. ಒದ್ದೆ ಬಣವೆ ಒಳಗೆ ಕಾವೇರುತ್ತದೆ. ಆಮೇಲೆ ಬಿಸಿಲಿಗೆ ಹರವಿ ರಾಶಿ ಮಾಡಿ ಜರಡಿ ಹಿಡಿದರೆ ಕಾಳು ಮೇಲೆ ಹೊಳೆಯುತ್ತದೆ, ಒಳಗೆ ಸುಟ್ಟಿರುತ್ತದೆ.

ದೀಪಾವಳಿಯ ಪಾಡ್ಯ ಮುಗಿದ ನಾಲ್ಕನೆಯ ದಿನ ಔರಾದದಿಂದ ಟೆಂಪೋ ಬಂತು. ಇಪ್ಪತ್ತು ಚೀಲ. ಎಲ್ಲದರ ಮೇಲಿನ ಚೀಲಕ್ಕೆ ಕುಂಕುಮ ಹಚ್ಚಿತ್ತು. ಡ್ರೈವರನ ಪಕ್ಕದಿಂದ ದಿಗಂಬರ ಇಳಿದರು. ನಾನೂ ಅಲ್ಲಿದ್ದೆ. ಗುರುಶಾಂತಪ್ಪನ ಹೆಂಡತಿ ತುಳಜಾಬಾಯಿ ಚೀಲಕ್ಕೆ ಆರತಿ ಬೆಳಗಿದಳು. ಒಂದು ಚೀಲದ ಹೊಲಿಗೆ ಮೂಲೆಯಲ್ಲಿ ಬಿಚ್ಚಿತ್ತು. ಗುರುಶಾಂತಪ್ಪನ ಕೈ ಅಲ್ಲಿಗೆ ಹೋಯಿತು. ಅದು ಅವನಿಗೆ ಉಸಿರಾಡಿದಷ್ಟು ರೂಢಿ. ಎರಡು ಕಾಳು ಬೆರಳಿಗೆ ಬಂದವು, ಕೈ ಬಾಯಿಯ ಕಡೆ ಎದ್ದಿತು.

ತುಳಜಾಬಾಯಿ ಆರತಿ ತಾಟು ಹಿಡಿದುಕೊಂಡೇ ಮೆಲ್ಲಗೆ ಅಂದಳು: "ಬೀಗ್ರ ಮನೀದದರೀ ಅದು."

ನಮ್ಮ ಕಡೆಯ ಮನೆಗಳಲ್ಲಿ ಬೀಗರು ಕಳಿಸಿದ ಕಾಳನ್ನು ಅವರೆದುರು ತೂಗುವುದಿಲ್ಲ, ಹಲ್ಲಿಗೆ ಕೊಡುವುದಿಲ್ಲ. ಕೊಟ್ಟರೆ ನಾವು ಹೆಣ್ಣು ಕೊಟ್ಟ ಮನೆಯನ್ನೇ ಪರೀಕ್ಷಿಸಿದ ಹಾಗೆ. ಗುರುಶಾಂತಪ್ಪ ಆ ಎರಡು ಕಾಳನ್ನು ಕಣ್ಣಿಗೆ ಒತ್ತಿಕೊಂಡು ಚೀಲದೊಳಗೆ ಹಾಕಿದ. ದಿಗಂಬರ ನಕ್ಕರು. ಎಲ್ಲರೂ ಹೋಳಿಗೆ ಉಂಡೆವು.

ಮೂರನೆಯ ದಿನ ಬೆಳಿಗ್ಗೆ ಅವನ ಫೋನು ಬಂತು, ಬಂದು ಹೋಗಿರಿ ಎಂದು. ಹೋದೆ. ನೆನೆಸಿಟ್ಟ ಕಾಳಿನ ನೀರು ಚಹದ ಬಣ್ಣಕ್ಕೆ ತಿರುಗಿತ್ತು. ಹಾಲು ಒಡೆದಿತ್ತು, ಆದರೆ ಗಟ್ಟಿ ಹಿಡಿದಿರಲಿಲ್ಲ. ಪಾತ್ರೆಯಲ್ಲಿ ಕಂದು ಚೂರುಗಳು ತೇಲುತ್ತಿದ್ದವು. ಅವನು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ.

"ಒಳಗ ಕುದ್ದಾವ ಸಾಹೇಬ್ರ. ಇಪ್ಪತ್ತೂ ಚೀಲಾ ಬಿಚ್ಚಿ ನೋಡೀನಿ. ಎಲ್ಲಾ ಒಂದೇ ಬಣವಿದು."

"ವಾಪಸ್ ಕಳಿಸು. ಅವರಿಗೂ ಗೊತ್ತಿರಲಿಕ್ಕಿಲ್ಲ."

"ಯೋಗಿತಾ ಆ ಮನಿಗಿ ಹೋಗಿ ಆರ ತಿಂಗಳ ಆಗ್ಯಾದ. ನಿಮ್ಮಪ್ಪ ನಮ್ಮ ಮಾಲ ವಾಪಸ ಕಳಿಸ್ದಾಂವ ಅನ್ನೋ ಮಾತು ಆಕಿ ಕಿವ್ಯಾಗ ಎಷ್ಟು ವರ್ಷ ಬೀಳತದ, ನೀವೇ ಹೇಳ್ರಿ. ರೊಟ್ಟಿ ದಪ್ಪ ಆದ್ರ ಅದೇ ಮಾತು. ಚಹಾ ಆರಿದ್ರ ಅದೇ ಮಾತು."

"ಹಾಗಾದರೆ ಮೋಂಢಾದಲ್ಲಿ ಮಾರಿಬಿಡು, ಎಣ್ಣೆ ಗಿರಣಿಯವರು ಒಯ್ಯುತ್ತಾರೆ."

"ನಾ ಮೋಂಢಾಕ್ಕ ಕಾಳ ಮಾರಾಕ ಹೋದ್ರ ಹತ್ತ ಮಂದಿ ಕೇಳತಾರ, ಯಾರದು, ಯಾಕ ಮಾರ್ತಿ ಅಂತ. ಸಂಜಿಗಿ ಔರಾದಕ್ಕ ಸುದ್ದಿ ಮುಟ್ಟತದ."

ಚೆಲ್ಲಿಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ. ಹನ್ನೆರಡು ಕ್ವಿಂಟಾಲು ಕಾಳನ್ನು ಚೆಲ್ಲುವ ಮನುಷ್ಯ ಅವನಲ್ಲ ಎಂದೂ ಗೊತ್ತಿತ್ತು. ಆಗ ನಾನು ಒಂದು ಮಾತು ಹೇಳಿದೆ. ಓದಿಕೊಂಡವರು ಜಾಣತನವೆಂದು ಆಡುವ ಮಾತು.

"ಅರ್ಧಕ್ಕರ್ಧ ಬೆರೆಸು. ಒಳ್ಳೆಯ ಕಾಳಿನ ಜೊತೆ ಹೋಗಿಬಿಡುತ್ತದೆ. ಯಾರಿಗೆ ತಿಳಿಯುತ್ತದೆ?"

"ಬೆರಸಿದ್ರ ಎರಡೂ ಕೆಡತಾವ" ಅಂದ. ಆದರೂ ವಲಾಂಡಿಯ ಅಣ್ಣನಿಂದ ಒಳ್ಳೆಯ ಕಾಳು ತರಿಸಿ ಮರುದಿನದಿಂದ ಬೆರೆಸಿದ. ಅವನಿಗೆ ಬೇರೆ ದಾರಿ ಕಾಣಲಿಲ್ಲ. ಕಂಡ ಒಂದೇ ದಾರಿ ನಾನು ತೋರಿಸಿದ್ದು.

ಬೆರೆಸಿದ ಹಾಲು ಸರಿಯಾಗಿ ಒಡೆಯದು. ಒಡೆಸಲು ಹುಳಿ ಹೆಚ್ಚು ಹಾಕಬೇಕು, ಹಾಕಿದರೆ ಬಾಯಲ್ಲಿ ಹುಳಿ. ಗಟ್ಟಿಯಾಗಲೆಂದು ಕಲ್ಲು ಹೆಚ್ಚು ಹೊತ್ತು ಇಟ್ಟರೆ ರಬ್ಬರಿನಂತಾಗುತ್ತಿತ್ತು, ಬೇಗ ಎತ್ತಿದರೆ ಪುಡಿಯಾಗುತ್ತಿತ್ತು. ತುಂಡಿನ ಮೇಲೆ ಮಣ್ಣಿನ ಬಣ್ಣ. ಹತ್ತು ವರ್ಷದಲ್ಲಿ ಕಲಿತದ್ದನ್ನೆಲ್ಲ ಆ ಒಂಬತ್ತು ತಿಂಗಳು ಅವನು ಅದರ ಮೇಲೆ ಸುರಿದ. ಬೇರೆ ಯಾರ ಕೈಯಲ್ಲಾದರೂ ಅದು ತಿನ್ನಲು ಬಾರದ ವಸ್ತುವಾಗುತ್ತಿತ್ತು. ಅವನ ಕೈಯಲ್ಲಿ ಅದು ಕೆಟ್ಟ ಪನೀರಾಯಿತು, ಅಷ್ಟೇ.

ಹದಿನೈದು ದಿನಕ್ಕೊಮ್ಮೆ ಔರಾದದಿಂದ ಫೋನು. ಸ್ಪೀಕರಿನಲ್ಲಿ ದಿಗಂಬರರ ದನಿ ತಗಡಿನ ಕೋಣೆಯನ್ನೆಲ್ಲ ತುಂಬುತ್ತಿತ್ತು.

"ಹೆಂಗದರೀ ಬೀಗ್ರ ನಮ್ಮ ಮಾಲ?"

"ಬಂಗಾರ ಅದರೀ, ಬಂಗಾರ."

"ಹಾಂ! ಮೋಂಢಾದಾಗ ಸಿಗತದೇನು ಇಂಥಾದು?"

"ಎಲ್ಲಿ ಸಿಗತದರೀ."

ಆ ಮಾತು ಆಡಿ ಫೋನು ಕೆಳಗಿಟ್ಟು ಅವನು ಮತ್ತೆ ಪಾತ್ರೆಯ ಮುಂದೆ ನಿಲ್ಲುತ್ತಿದ್ದ. ನಾನು ಪೇಪರು ಓದುತ್ತಿರುವಂತೆ ನಟಿಸುತ್ತಿದ್ದೆ.

ನಾಗನಾಥ ಮೊದಲು ಬಿಟ್ಟ. ಅವನು ಬೈದು ಬಿಟ್ಟದ್ದರಿಂದ ಅಷ್ಟು ನೋವಾಗಲಿಲ್ಲ. ನಿಲಂಗಾದ ವಸತಿಗೃಹದ ಮೇಲ್ವಿಚಾರಕಿ ವಿದ್ಯಾವತಿ ಮೇಡಂ ಬೈಯಲಿಲ್ಲ. ಫಾಲ್ಗುಣದಲ್ಲಿ ಒಂದು ದಿನ ಅವರು ಕರೆಸಿದರು. ನಾನೂ ಜೊತೆಗೆ ಹೋಗಿದ್ದೆ. ಅಡುಗೆಮನೆಯ ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟು, ಹುಡುಗಿಯರು ತಾಟಿನಲ್ಲಿ ಬಿಟ್ಟ ತುಂಡುಗಳನ್ನು ಒಂದು ಬೋಗುಣಿಯಲ್ಲಿ ತಂದು ತೋರಿಸಿದರು.

"ಗುರುಶಾಂತಪ್ಪಾರ, ಇಷ್ಟು ವರ್ಷದಾಗ ಒಂದ ತುಂಡು ಉಳಿದಿಲ್ಲ. ಈಗ ನೋಡ್ರಿ. ನಮ್ಮ ಹುಡಿಗ್ಯಾರಿಗಿ ಇದೇ ಒಂದ ಶಕ್ತೀ ಊಟ. ಯಾನಾಗ್ಯಾದರೀ ನಿಮಗ? ಕಾಳ ಬದಲಿ ಮಾಡೀರೇನು?"

ನಾನು ಅವನ ಮುಖ ನೋಡಿದೆ. ಹೌದು ಎಂದರೆ ಮುಗಿಯುತ್ತಿತ್ತು. ಆದರೆ ವಿದ್ಯಾವತಿ ಮೇಡಂ ಅವರ ತವರು ಔರಾದ. ದಿಗಂಬರರ ಓಣಿಯಲ್ಲೇ.

"ಕಾಳು ಬರೋಬರ ಅದರೀ ಮೇಡಂ" ಅಂದ ಅವನು. "ನನ್ನ ಕೈ ಕೆಟ್ಟದ. ವಯಸ್ಸಾತು. ನಡುಗತದ."

ಅವನ ಕೈ ನಡುಗುತ್ತಿರಲಿಲ್ಲ. ಆ ಕೈಯಲ್ಲಿದ್ದ ಬಸಿಯಲ್ಲಿ ಚಹಾ ತುಂಬಿತ್ತು, ಒಂದು ಹನಿ ಚೆಲ್ಲಿರಲಿಲ್ಲ. ಮೇಡಂ ಅದನ್ನು ನೋಡಲಿಲ್ಲ, ಅಥವಾ ನೋಡಿಯೂ ಸುಮ್ಮನಾದರು. ಮುಂದಿನ ವಾರದಿಂದ ವಸತಿಗೃಹಕ್ಕೆ ಬೇರೆಯವರ ಪೊಟ್ಟಣ ಬರತೊಡಗಿತು.

ಒಮ್ಮೆ ಆಡಿದ ಮಾತು ಅವನಿಗೆ ಅನುಕೂಲವಾಯಿತು. ಉದಗೀರದಲ್ಲಿ ಯಾರು ಕೇಳಿದರೂ ಅದನ್ನೇ ಹೇಳಿದ. ಕಣ್ಣು ಸರಿ ಕಾಣುವುದಿಲ್ಲ, ಹದ ತಿಳಿಯುವುದಿಲ್ಲ, ಕೈ ಕೆಟ್ಟಿದೆ. ಜನ ಅನುಕಂಪದಿಂದ ಸ್ವಲ್ಪ ದಿನ ಕೊಂಡರು. ಅನುಕಂಪದಿಂದ ಎಷ್ಟು ದಿನ ಪನೀರ್ ತಿಂದಾರು?

ನಾಗರ ಪಂಚಮಿಗೆ ಯೋಗಿತಾ ತವರಿಗೆ ಬಂದಳು. ಆ ದಿನ ತುಳಜಾಬಾಯಿ ನನ್ನನ್ನೂ ಊಟಕ್ಕೆ ಕರೆದಿದ್ದಳು. ಮಗಳಿಗೆ ಇಷ್ಟವೆಂದು ಪನೀರಿನ ಪಲ್ಯ ಮಾಡಿದ್ದರು. ಯೋಗಿತಾ ಒಂದು ತುತ್ತು ಬಾಯಿಗಿಟ್ಟು ನಿಂತಳು. ಹುಟ್ಟಿದ ಮನೆಯ ಒಲೆಯ ಮುಂದೆ ಬೆಳೆದವಳು. ಮದುವೆಗೆ ಮುಂಚೆ ಹಾಲು ಸೋಸುವ ಕೆಲಸ ಅವಳದೇ.

"ಅಪ್ಪಾ…"

"ಕೈ ಕೆಟ್ಟದ ಅವ್ವಾ" ಅಂದ ಅವನು ಅವಳ ಮುಂದಿನ ಮಾತು ಬರುವ ಮೊದಲೇ. "ನಿಮ್ಮ ಮನೀ ಕಾಳು ಬಂಗಾರ ಅದ. ನಾ ಹೊಲಸ ಮಾಡೀನಿ."

ಅವಳು ತಲೆ ತಗ್ಗಿಸಿದಳು. ತಾಟಿನಲ್ಲಿದ್ದ ಪಲ್ಯವನ್ನೆಲ್ಲ ಉಂಡಳು, ಮತ್ತೆ ಹಾಕಿಸಿಕೊಂಡಳು. ಅಪ್ಪನ ಮನಸ್ಸು ನೋಯಬಾರದೆಂದು ಉಣ್ಣುತ್ತಿದ್ದಾಳೆ ಎಂದು ನಾನು ತಿಳಿದೆ.

ಆ ವರ್ಷ ಮಳೆ ಹದವಾಗಿತ್ತು. ಔರಾದದಿಂದ ಬಂದ ಮುಂದಿನ ಇಪ್ಪತ್ತು ಚೀಲ ನಿಜವಾಗಿಯೂ ಬಂಗಾರದಂಥ ಕಾಳು. ಪನೀರ್ ಮೊದಲಿನಂತೆಯೇ ಆಯಿತು. ಒತ್ತಿದರೆ ಮೇಲೇಳುವ, ನಾತವಿಲ್ಲದ, ಅವನ ಪನೀರು. ಆದರೆ ಕೊಳ್ಳುವವರು ಇರಲಿಲ್ಲ. ನೂರಾ ತೊಂಬತ್ತು ಕೊಡುವವರಿಲ್ಲದೆ ನೂರಾ ಇಪ್ಪತ್ತಕ್ಕೆ ಇಳಿಸಿದ. ಅಷ್ಟಕ್ಕೆ ಇಳಿಸಿದ ಮೇಲೆ ಜನ, ಅಗ್ಗದ್ದಲ್ಲವೇ, ಅದಕ್ಕೇ ಹಾಗಿರಬೇಕು ಎಂದರು. ಬಾಯಿಗಿಟ್ಟು ನೋಡಿದವರು ಕಡಿಮೆ. ಹೆಚ್ಚಿನವರು ಬೆಲೆ ನೋಡಿ ರುಚಿ ಊಹಿಸಿಕೊಂಡರು. ನಾನು ಮನೆಮನೆಗೆ ತಿರುಗಿ ಹೇಳಿದೆ, ಒಮ್ಮೆ ತಂದು ನೋಡಿ ಎಂದು. ನಾಲ್ಕು ಜನ ತಂದರು.

ಮನೆಯಲ್ಲಿ ಉಣ್ಣಲು ತೊಂದರೆ ಇರಲಿಲ್ಲ. ವಲಾಂಡಿಯ ಹೊಲದ ಪಾಲು ಬರುತ್ತಿತ್ತು. ಹಾಗಾಗಿ ಅವನನ್ನು ಕೊಂದದ್ದು ಬಡತನ ಎಂದು ನಾನು ಹೇಳುವುದಿಲ್ಲ. ಯಾವುದು ಕೊಂದಿತೆಂದು ಡಾಕ್ಟರು ಕಾಗದದಲ್ಲಿ ಬರೆದುಕೊಟ್ಟಿದ್ದಾರೆ. ನನಗೆ ಗೊತ್ತಿರುವುದು ಇಷ್ಟು: ಕೊನೆಯ ಒಂದು ವರ್ಷ ಅವನು ವಾರಕ್ಕೆ ಎರಡೇ ದಿನ ಒಲೆ ಹೊತ್ತಿಸುತ್ತಿದ್ದ. ಉಳಿದ ದಿನ ಆ ಕೋಣೆಯಲ್ಲಿ ಸುಮ್ಮನೆ ಕೂರುತ್ತಿದ್ದ. ನಾನು ಹೋದರೆ ಪುಸ್ತಕ ಓದಿಸುತ್ತಿದ್ದ, ಯಾವುದಾದರೂ. ಓದುವಾಗ ನಡುವೆ ಒಂದು ಪ್ರಶ್ನೆ ಕೇಳುವುದು ಅವನ ರೂಢಿ. ಆ ವರ್ಷ ಕೇಳಲಿಲ್ಲ.

ವಲಾಂಡಿಯ ಹೊಲದಲ್ಲಿ ಅವನನ್ನು ಸಮಾಧಿ ಮಾಡಿದೆವು. ಶಿವಗಣಾರಾಧನೆಯ ದಿನ ಪಂಕ್ತಿಯಲ್ಲಿ ದಿಗಂಬರ ನನ್ನ ಪಕ್ಕ ಕೂತಿದ್ದರು. ಅವರ ಕಣ್ಣು ಕೆಂಪಾಗಿತ್ತು, ದುಃಖ ಸುಳ್ಳಲ್ಲ.

"ದೇವರಂಥಾ ಮನಶ್ಯಾ ಸಾಹೇಬ್ರ. ಕಡೀಕ ಕೈ ಕೆಟ್ಟಿತು, ಯಾನ ಮಾಡೋದದ. ನಾ ಎಂಥಾ ಕಾಳು ಕೊಟ್ಟೀನಂತೀರಿ! ಅಂಥಾ ಕಾಳಿಗೂ ಜನ ಹಿಂಗಂದ್ರು ಅಂದ್ರ…"

ನನ್ನ ಕೈಯಲ್ಲಿ ತುತ್ತು ಹಾಗೇ ಇತ್ತು. ಎದುರಿನ ಸಾಲಿನಲ್ಲಿ ಯೋಗಿತಾ ಬಡಿಸುತ್ತಿದ್ದಳು. ಅವನು ಬದುಕಿದ್ದಾಗ ಕಾಪಾಡಿದ್ದನ್ನು ಅವನ ಆರಾಧನೆಯ ದಿನ ಒಡೆಯಲು ನಾನು ಯಾರು?

ವೈಶಾಖದಲ್ಲಿ ಯೋಗಿತಾ ಒಬ್ಬಳೇ ನನ್ನ ಮನೆಗೆ ಬಂದಳು. ಔರಾದದಲ್ಲಿ ತಾನೇ ಪನೀರ್ ಮಾಡಬೇಕೆಂದಿದ್ದಾಳೆ, ಪಂಕಜ ಒಪ್ಪಿದ್ದಾನೆ, ಮಾವನವರೂ ಒಪ್ಪಿದ್ದಾರೆ. ನೀರು ಕುಡಿದು ಲೋಟ ಕೆಳಗಿಟ್ಟು ಕೇಳಿದಳು:

"ಕಾಕಾ, ಖರೇ ಹೇಳ್ರಿ. ಅಪ್ಪನ ಕೈ ಕೆಟ್ಟಿತ್ತಾ?"

ಇಲ್ಲ ಎಂದರೆ ಗೆಳೆಯನ ಎರಡು ವರ್ಷದ ಮೌನ ಮಣ್ಣುಪಾಲು. ಹೌದು ಎಂದರೆ ಮಗಳ ಮನಸ್ಸಿನಲ್ಲೂ ಅವನು ಕೈ ಕೆಟ್ಟ ಮುದುಕನಾಗಿಯೇ ಉಳಿಯುತ್ತಾನೆ. ನನಗೆ ಅದನ್ನು ತಾಳಲಾಗಲಿಲ್ಲ.

"ಇಲ್ಲವ್ವಾ" ಎಂದೆ. ಎಲ್ಲವನ್ನೂ ಹೇಳಿದೆ. ಟೆಂಪೋ, ಚಹದ ಬಣ್ಣದ ನೀರು, ನಾನು ಕೊಟ್ಟ ಸಲಹೆ, ನಿಲಂಗಾದ ಕಟ್ಟೆಯ ಮೇಲೆ ಆಡಿದ ಮಾತು.

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ನಂಗ ಗೊತ್ತಿತ್ತು ಕಾಕಾ."

"ಪಂಚಮಿಗೆ ಉಂಡಾಗ ತಿಳಿಯಿತೇ?"

"ಅದಕ್ಕೂ ಮೊದಲೇ. ಆ ಬಣವಿಗಿ ತಾಡಪತ್ರಿ ಹೊಚ್ಚಿದಾಕಿ ನಾನೇ. ಕೈ ಒಳಗ ಹಾಕಿದ್ರ ಸುಡ್ತಿತ್ತು. ಚೀಲಾ ತುಂಬೂ ಮುಂದ ಮಾವಗ ಹೇಳಬೇಕಂದೆ. ಹೊಸಾ ಸೊಸಿ, ಯಾನಂತ ಹೇಳ್ಲಿ? ನಿಮ್ಮ ಮಾಲ ಸುಮಾರ ಅದ ಅಂತನಾ? ಅಪ್ಪ ಹ್ಯಾಂಗೂ ಒಂದ ಕಾಳ ಕಡದ ನೋಡ್ತಾನ, ಅಂವಾ ಯಾರದಾರೆ ಚೀಲಾ ಕಡೀದೆ ಇಳಿಸ್ಕೊಂಡಾನೇನು ಅಂತ ಸುಮ್ಮಾದೆ. ಅಂವಾ ಕಡೀಲಿಲ್ಲ. ನನ್ನ ಸಲುವಾಗಿ ಕಡೀಲಿಲ್ಲ."

ಮತ್ತೆ ಅಂದಳು: "ಪಂಚಮ್ಯಾಗ ಅಂವಾ ನನ್ನ ಕೈ ಕೆಟ್ಟದ ಅಂದಾಗ ನಾ ಬಾಯಿ ತೆರೀಬೇಕಿತ್ತು. ತೆರದಿದ್ರ ಅಂವಗ ಗೊತ್ತಾಗ್ತಿತ್ತು, ನಂಗ ಗೊತ್ತಿತ್ತು ಅಂತ. ಅದಕ್ಕ ಅಂಜಿದೆ. ಪಲ್ಯ ಉಂಡೆ."

 

ಅವಳು ಊರಿಗೆ ಹೋಗಿ ಮನೆಯಲ್ಲಿ ಹೇಳಿದಳು. ಹೇಳುತ್ತೇನೆಂದು ನನಗೆ ತಿಳಿಸಿರಲಿಲ್ಲ. ಎಂಟು ದಿನದ ಮೇಲೆ ದಿಗಂಬರ ನನ್ನ ಬಾಗಿಲಿಗೆ ಬಂದಾಗಲೇ ನನಗೆ ಗೊತ್ತಾದದ್ದು. ಒಳಗೆ ಬಂದರು, ಕೂತರು. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ. ಚಹಾ ಬೇಡವೆಂದರು.

"ಒಂದ ಮಾತ ಅಂದಿದ್ರ ನಾ ಟೆಂಪೋ ತಿರುಗಿ ಒಯ್ತಿದ್ದೆ ಸಾಹೇಬ್ರ. ಖರೇ ಒಯ್ತಿದ್ದೆ. ಸೊಸಿಗಿ ಒಂದ ಮಾತ ಅಂತಿರಲಿಲ್ಲ. ನಾ ಅಂಥಾಂವ ಅಂತ ಅಂವಾ ಯಾಕ ತಿಳಕೊಂಡ?"

ಅವರು ಹೇಳಿದ್ದು ನಿಜವಿರಬಹುದು. ಈಗ ಹೇಳುವುದು ಸುಲಭವಾದದ್ದರಿಂದ ಹಾಗೆ ಹೇಳಿರಲೂಬಹುದು. ಅವರಿಗೂ ಅದು ಖಚಿತವಿದ್ದಂತೆ ಕಾಣಲಿಲ್ಲ. ಅದಕ್ಕೇ ಎರಡೆರಡು ಸಲ ಒಯ್ತಿದ್ದೆ ಎಂದರು. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು, ಬೀಗರ ಮಾತನ್ನು ಊರಲ್ಲಿ ತಿದ್ದಬೇಕು, ನೀವು ಓದಿಕೊಂಡವರು, ಬರೆಯಿರಿ ಎಂದರು. ನಮ್ಮ ಹೆಸರನ್ನೂ ಹಾಕಿರಿ ಎಂದರು. ಯೋಗಿತಾಳನ್ನು ಕೇಳಿದೆ. ಅವಳೂ ಬರೆಯಿರಿ ಎಂದಳು. ಹಾಗಾಗಿ ಇದನ್ನು ಬರೆದೆ.

ಉದಗೀರದಿಂದ ಔರಾದಕ್ಕೆ ಬಸ್ಸಿನಲ್ಲಿ ಒಂದೂವರೆ ತಾಸು. ಆ ಒಂಬತ್ತು ತಿಂಗಳಲ್ಲಿ ನಾನು ಯಾವ ದಿನವಾದರೂ ಬಸ್ಸು ಹತ್ತಿ ಹೋಗಿ, ಗುರುಶಾಂತಪ್ಪನಿಗೆ ತಿಳಿಯದ ಹಾಗೆ, ದಿಗಂಬರರನ್ನು ಪಕ್ಕಕ್ಕೆ ಕರೆದು ನಾಲ್ಕು ಮಾತು ಹೇಳಬಹುದಿತ್ತು. ನಾನು ಅವರ ಬೀಗನೂ ಅಲ್ಲ, ನೆಂಟನೂ ಅಲ್ಲ; ನನ್ನ ಮಾತಿಗೆ ಯಾವ ಮಗಳೂ ಬೆಲೆ ತೆರಬೇಕಿರಲಿಲ್ಲ. ಅಂಥ ಮಾತನ್ನು ಆಡಬಲ್ಲವನು ಆ ಇಡೀ ವಿಷಯದಲ್ಲಿ ನಾನೊಬ್ಬನೇ ಇದ್ದೆ. ಅವನ ಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದೆ.